ಅನ್ವಯಿಕ ಗಣಿತದ ಸಂಶೋಧನೆಗೆ ನಮ್ಮ ಜಿಲ್ಲೆಗಳ ಅಳತೆಗಳು ಬೇಕು

ಸಂಪಾದಕರಿಗೆ,

ಮಾನ್ಯರೇ,

ಪಿಎಚ್.ಡಿ ಪ್ರವೇಶದ ಅಧಿಸೂಚನೆಗಳು ಹೊರಬೀಳುವ ಹೊತ್ತಿಗೆ ಹಾಸನ, ಚಿಕ್ಕಮಗಳೂರು ಕಡೆಯ ಎಂ.ಎಸ್ಸಿ ಗಣಿತ ಮುಗಿಸಿದ ಹುಡುಗ ಹುಡುಗಿಯರು ತಮಗೆ ಪಾಠ ಮಾಡಿದ ಮೇಷ್ಟರುಗಳನ್ನು ಹುಡುಕಿಕೊಂಡು ಬರುವುದು ವಾಡಿಕೆ. ಯಾವ ಗೈಡ್ ಸಿಗುತ್ತಾರೆ, ಎಷ್ಟು ವರ್ಷ ಹಿಡಿಯುತ್ತದೆ, ಫೆಲೋಶಿಪ್ ಬರುತ್ತದೆಯೇ, ಕೆಲಸದಲ್ಲಿದ್ದುಕೊಂಡೇ ಮಾಡಬಹುದೇ ಎಂದು ಅವರು ಕೇಳುತ್ತಾರೆ. ಯಾವ ಸಮಸ್ಯೆಯ ಮೇಲೆ ಕೆಲಸ ಮಾಡಬೇಕು ಎಂದು ಕೇಳುವವರು ಅಪರೂಪ, ಏಕೆಂದರೆ ಅದನ್ನು ಗೈಡೇ ಕೊಡುತ್ತಾರೆ ಎಂಬುದು ಎಲ್ಲರ ನಂಬಿಕೆ. ಅನ್ವಯಿಕ ಗಣಿತದ ಮಟ್ಟಿಗಾದರೂ ಕೇಳದೆ ಉಳಿಯುವ ಈ ಪ್ರಶ್ನೆಯನ್ನೇ ಎಲ್ಲಕ್ಕಿಂತ ಮೊದಲು ಕೇಳಬೇಕು ಎಂಬುದು, ಪದವಿ ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತನಾದ ನನ್ನ ದೃಢ ಅಭಿಪ್ರಾಯ.

ಉಳಿದ ಪ್ರಶ್ನೆಗಳಿಗೆ ನಿಯಮಗಳಲ್ಲೇ ಉತ್ತರವಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಾವಳಿಯ ಪ್ರಕಾರ ಕೋರ್ಸ್‌ವರ್ಕ್ ಸೇರಿ ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೆರಡು ವರ್ಷ ಸಿಗುತ್ತದೆ, ಮಹಿಳೆಯರಿಗೆ ಅದರ ಮೇಲೆ ಮತ್ತೆರಡು ವರ್ಷದ ರಿಯಾಯಿತಿಯೂ ಹೆರಿಗೆ ಮತ್ತು ಶಿಶುಪಾಲನೆಗೆ 240 ದಿನಗಳವರೆಗಿನ ರಜೆಯೂ ಉಂಟು. ಸಿಎಸ್‌ಐಆರ್-ಯುಜಿಸಿ ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) ಪಡೆದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000 ರೂಪಾಯಿ ನಿಗದಿಯಾಗಿದೆ. ಅರೆಕಾಲಿಕವಾಗಿ ಮಾಡುವವರು ಸಂಶೋಧನೆಗೆ ಸಾಕಷ್ಟು ಬಿಡುವು ಸಿಗುತ್ತದೆ ಎಂದು ಕೆಲಸ ಕೊಟ್ಟವರಿಂದ ನಿರಾಕ್ಷೇಪಣಾ ಪತ್ರ ತರಬೇಕು. (ಎರಡು ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿ ದುಡಿಯುವವರ ಮಟ್ಟಿಗೆ, ಆ ಪತ್ರದಲ್ಲಿ ಬರೆದ ಬಿಡುವಿನ ಬಹುಪಾಲು ಬೇಲೂರು–ಹಾಸನದ ಬಸ್ಸಿನಲ್ಲೇ ಮುಗಿದುಹೋಗುತ್ತದೆ ಎಂಬುದು ಬೇರೆ ಮಾತು.) ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಅಥವಾ ರಾಜ್ಯಮಟ್ಟದ ಸೆಟ್ ಸಾಕು, ಪಿಎಚ್.ಡಿ ಕಡ್ಡಾಯವಲ್ಲ ಎಂದು 2023ರ ಜುಲೈನಲ್ಲಿ ಯುಜಿಸಿಯೇ ಸ್ಪಷ್ಟಪಡಿಸಿದೆ. ಕೆಲಸಕ್ಕೆ ಸೇರಲು ಕಡ್ಡಾಯವಲ್ಲದ ಪದವಿಗೆ ಯೌವನದ ಆರು ವರ್ಷ ಕೊಡುವವರು, ಅಷ್ಟು ವರ್ಷ ಏನನ್ನು ಬಿಡಿಸುತ್ತಾ ಕೂರುತ್ತೇವೆ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳುವುದು ಲೇಸಲ್ಲವೇ?

ನಮ್ಮ ಭಾಗದಲ್ಲಿ ಗಣಿತದ ಸಂಶೋಧನೆಗೆ ನೋಂದಾಯಿಸಿದವರಿಗೆ ಸಾಮಾನ್ಯವಾಗಿ ಸಿಗುವುದು ಹಿಗ್ಗುವ ಹಾಳೆಯ ಮೇಲಿನ ದ್ರವದ ಹರಿವು, ಗಣಿತ ವಿಭಾಗಗಳ ಆಡುಮಾತಿನಲ್ಲಿ ‘ಸ್ಟ್ರೆಚಿಂಗ್ ಶೀಟ್’. ಈ ಸಮಸ್ಯೆ ಹುಟ್ಟಿದ್ದು ಕಾರ್ಖಾನೆಯಲ್ಲಿ. ಅಚ್ಚಿನಿಂದ ಹೊರಬರುವ ಪ್ಲಾಸ್ಟಿಕ್ ಹಾಳೆಯನ್ನು ಎಳೆಯುತ್ತಾ ತಣಿಸುವಾಗ ಅದರ ಪಕ್ಕದ ದ್ರವ ಹೇಗೆ ಚಲಿಸುತ್ತದೆ, ಶಾಖ ಹೇಗೆ ಹೊರಹೋಗುತ್ತದೆ ಎಂಬುದನ್ನು ತಿಳಿಯುವುದು ಅದರ ಉದ್ದೇಶವಾಗಿತ್ತು. ಚಲಿಸುತ್ತಿರುವ ಮೇಲ್ಮೈಯ ಪಕ್ಕದ ಹರಿವನ್ನು 1961ರಲ್ಲಿ ಸಾಕಿಯಾಡಿಸ್ ವಿವೇಚಿಸಿದರು; ಹಿಗ್ಗುವ ಹಾಳೆಗೆ 1970ರಲ್ಲಿ ಕ್ರೇನ್ ಕೆಲವೇ ಪುಟಗಳ ಲೇಖನದಲ್ಲಿ ನಿಖರ ಪರಿಹಾರವನ್ನೇ ಕೊಟ್ಟರು. ಅಂದಿನಿಂದ ಇಂದಿನವರೆಗೆ ಆ ಸಮೀಕರಣಕ್ಕೆ ಒಂದೊಂದೇ ಪದ ಸೇರಿಸುವ ಉದ್ಯೋಗ ಎಡೆಬಿಡದೆ ನಡೆದಿದೆ. ಇಂತಹ ಪ್ರಬಂಧವೊಂದನ್ನು ತೆರೆದರೆ ಎರಡನೆಯ ಅಧ್ಯಾಯದಲ್ಲಿ ಕಾಂತಕ್ಷೇತ್ರ, ಮೂರನೆಯದರಲ್ಲಿ ವಿಕಿರಣ, ನಾಲ್ಕನೆಯದರಲ್ಲಿ ರಾಸಾಯನಿಕ ಕ್ರಿಯೆ, ಐದನೆಯದರಲ್ಲಿ ನ್ಯಾನೋದ್ರವ ಇರುತ್ತದೆ. ಆಂಶಿಕ ಅವಕಲ ಸಮೀಕರಣಗಳನ್ನು ಅದೇ ರೂಪಾಂತರದಿಂದ ಸಾಮಾನ್ಯ ಅವಕಲ ಸಮೀಕರಣಗಳಾಗಿ ಮಾಡಿ, ಅದೇ ಶೂಟಿಂಗ್ ವಿಧಾನದಿಂದ ಕಂಪ್ಯೂಟರಿನಲ್ಲಿ ಬಿಡಿಸಿ, ಕಾಂತಕ್ಷೇತ್ರ ಹೆಚ್ಚಿದಂತೆ ವೇಗ ಕುಗ್ಗುತ್ತದೆ, ವಿಕಿರಣ ಹೆಚ್ಚಿದಂತೆ ಉಷ್ಣತೆ ಏರುತ್ತದೆ ಎಂದು ಪ್ರತಿ ಅಧ್ಯಾಯದ ಕೊನೆಯಲ್ಲೂ ಬರೆದಿರುತ್ತಾರೆ. ಕಾಂತಕ್ಷೇತ್ರದ ಪ್ರಾಚಲಕ್ಕೆ (ಪ್ಯಾರಾಮೀಟರಿಗೆ) 0, 0.5, 1, 1.5 ಎಂಬ ಬೆಲೆಗಳನ್ನೇ ಏಕೆ ತೆಗೆದುಕೊಂಡಿರಿ ಎಂದು ಕೇಳಿದರೆ ಅಭ್ಯರ್ಥಿಯ ಬಳಿ ಉತ್ತರವಿರುವುದಿಲ್ಲ. ಬಲ್ಲವರಿಗೆ ಉತ್ತರ ಗೊತ್ತು: ಗ್ರಾಫಿನ ಗೆರೆಗಳು ಒಂದರ ಮೇಲೊಂದು ಬೀಳದೆ ಬಿಡಿಬಿಡಿಯಾಗಿ ಕಾಣಬೇಕು, ಅಷ್ಟೆ. ಯಾವ ದ್ರವ, ಯಾವ ಹಾಳೆ, ಯಾವ ಕಾರ್ಖಾನೆ ಎಂಬುದು ಪ್ರಬಂಧದ ಮೊದಲ ಪುಟ ದಾಟಿ ಒಳಗೆ ಬರುವುದಿಲ್ಲ.

ದ್ರವಗತಿಶಾಸ್ತ್ರವನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅನ್ವಯಿಕ ಗಣಿತ ವಿಭಾಗವನ್ನು ಕಟ್ಟಿದ ಪಿ.ಎಲ್. ಭಟ್ನಾಗರ್ ಅವರು 1954ರಲ್ಲಿ ಗ್ರಾಸ್ ಮತ್ತು ಕ್ರೂಕ್ ಜೊತೆ ಮಂಡಿಸಿದ, ಅನಿಲದ ಕಣಗಳ ಡಿಕ್ಕಿಯನ್ನು ಸರಳವಾಗಿ ನಿರೂಪಿಸುವ ಮಾದರಿಯನ್ನು ಜಗತ್ತು ಇಂದಿಗೂ ಆ ಮೂವರ ಹೆಸರಿನ ಮೊದಲಕ್ಷರಗಳಿಂದಲೇ (ಬಿಜಿಕೆ) ಕರೆಯುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎನ್. ರುದ್ರಯ್ಯನವರು ಕಟ್ಟಿ ಬೆಳೆಸಿದ ದ್ರವಗತಿಶಾಸ್ತ್ರದ ಕೇಂದ್ರದಿಂದ ರಾಜ್ಯದ ಎಷ್ಟೋ ಕಾಲೇಜುಗಳಿಗೆ ಗಣಿತದ ಅಧ್ಯಾಪಕರು ಬಂದರು. ನಮ್ಮ ಗೈಡುಗಳು ಈ ವಿಷಯವನ್ನು ಹೆಚ್ಚಾಗಿ ಕೊಡುವುದಕ್ಕೆ ಕಾರಣವೂ ಆ ಪರಂಪರೆಯೇ: ತಾವು ಕಲಿತದ್ದನ್ನು ಅವರು ಕಲಿಸುತ್ತಾರೆ. ಆದರೆ ಅಂತಹ ಹಿರಿಯರು ಸಮೀಕರಣ ಬರೆಯುವ ಮೊದಲು ಅದು ಯಾವುದರ ಸಮೀಕರಣ ಎಂದು ಕೇಳುತ್ತಿದ್ದರು. ನಾವು ಸಮೀಕರಣವನ್ನು ಇಟ್ಟುಕೊಂಡು ಆ ಪ್ರಶ್ನೆಯನ್ನು ಬಿಟ್ಟೆವು.

ಆ ಪ್ರಶ್ನೆಯನ್ನು ಇಲ್ಲಿಯೇ ನಿಂತು ಕೇಳಿದರೆ ಏನು ಸಿಗುತ್ತದೆ ಎಂಬುದಕ್ಕೆ ಮಂಗನ ಕಾಯಿಲೆಯನ್ನು ನೋಡಬಹುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗ ಇಂದು ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆಯವರಿಗೆ ಹೊಸದಲ್ಲ. ಸಾಂಕ್ರಾಮಿಕದ ಗಣಿತ ಎಂದೊಡನೆ ನಮ್ಮ ವಿದ್ಯಾರ್ಥಿಗಳು 1927ರಲ್ಲಿ ಕೆರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಕೊಟ್ಟ ಮಾದರಿಯನ್ನು ಬರೆಯುತ್ತಾರೆ. ಅದರಲ್ಲಿ ರೋಗ ತಗುಲಬಹುದಾದವರು, ತಗುಲಿದವರು, ಚೇತರಿಸಿಕೊಂಡವರು ಎಂಬ ಮೂರು ಗುಂಪುಗಳಿದ್ದು, ಮೊದಲೆರಡು ಗುಂಪಿನವರ ಸಂಖ್ಯೆಗಳ ಗುಣಲಬ್ಧಕ್ಕೆ ಅನುಗುಣವಾಗಿ ಹೊಸ ರೋಗಿಗಳು ಉಂಟಾಗುತ್ತಾರೆ. ಮಂಗನ ಕಾಯಿಲೆಗೆ ಈ ಗುಣಲಬ್ಧದ ಪದವನ್ನು ಹಾಗೆಯೇ ಬರೆದರೆ ಮೊದಲ ಸಾಲೇ ತಪ್ಪು, ಏಕೆಂದರೆ ಈ ರೋಗ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ವೈರಸ್ಸನ್ನು ಹೊತ್ತು ತರುವುದು ಉಣುಗು, ಅದರಲ್ಲೂ ಮುಖ್ಯವಾಗಿ ಮರಿಗೂ ಪೂರ್ಣ ಬೆಳೆದ ಉಣುಗಿಗೂ ನಡುವಿನ ಹಂತದ್ದು. ಮಳೆಗಾಲ ಕಳೆದು ಅವುಗಳ ಸಂಖ್ಯೆ ಏರುವುದರಿಂದ ರೋಗದ ಕಾಲ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇವರೆಗೆ. ಹಾಗಾಗಿ ಸಮೀಕರಣದ ಸಹಗುಣಕಗಳು ಸ್ಥಿರವಲ್ಲ, ಋತುವಿನೊಂದಿಗೆ ಏರಿಳಿಯುತ್ತವೆ. ಮನುಷ್ಯ ಮತ್ತು ಉಣುಗಿನ ಸಂಪರ್ಕದ ದರವಂತೂ ಜೀವಶಾಸ್ತ್ರದ ಪುಸ್ತಕದಲ್ಲಿ ಸಿಗುವ ಸಂಖ್ಯೆಯೇ ಅಲ್ಲ: ಕೊಟ್ಟಿಗೆಗೆ ಹಾಸಲು ತರಗೆಲೆ ಗುಡಿಸುವವರು, ಸೌದೆ ತರುವವರು, ದನ ಮೇಯಿಸುವವರು ಯಾವ ತಿಂಗಳು, ಎಷ್ಟು ಸಲ ಕಾಡಿನೊಳಗೆ ಹೋಗುತ್ತಾರೆ, ಅವರಲ್ಲಿ ಎಷ್ಟು ಮಂದಿ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೇಪಾ ತೈಲ ಹಚ್ಚಿಕೊಳ್ಳುತ್ತಾರೆ ಎಂಬುದನ್ನು ಕೇಳಿಯೇ ತಿಳಿಯಬೇಕು. ಸತ್ತ ಮಂಗಗಳು ಎಲ್ಲಿ, ಯಾವಾಗ ಕಂಡವು ಎಂಬ ಮಾಹಿತಿ ಆರೋಗ್ಯ ಇಲಾಖೆಗೆ ಬರುತ್ತದೆ. ಸತ್ತ ಮಂಗ ಕಂಡ ಜಾಗದ ಸುತ್ತ ಅಪಾಯ ಎಷ್ಟು ದೂರ, ಎಷ್ಟು ವಾರ ಉಳಿಯುತ್ತದೆ ಎಂಬುದು ಪೂರ್ಣ ಪ್ರಮಾಣದ ಸಂಶೋಧನೆಗೆ ಸಾಕಾಗುವ ಪ್ರಶ್ನೆ. ಇದರಲ್ಲಿ ಗಣಿತ ಕಡಿಮೆ ಎಂದು ಯಾರೂ ಭಾವಿಸಬೇಕಾಗಿಲ್ಲ. ಕಾಲಕ್ಕೆ ತಕ್ಕಂತೆ ಬದಲಾಗುವ ಸಹಗುಣಕಗಳಿರುವ ವ್ಯವಸ್ಥೆಯಲ್ಲಿ ರೋಗ ನೆಲೆಯೂರುತ್ತದೆಯೋ ನಶಿಸುತ್ತದೆಯೋ ಎಂದು ಸಾಧಿಸುವುದು ಹಿಗ್ಗುವ ಹಾಳೆಗೆ ಆರನೆಯ ಪದ ಸೇರಿಸುವುದಕ್ಕಿಂತ ಬಹಳ ಕಷ್ಟದ ಕೆಲಸ.

ಮಳೆಯ ವಿಷಯ ಇನ್ನೂ ಹತ್ತಿರದ್ದು. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಾಫಿ ತೋಟಗಳಲ್ಲಿ ಇಂದಿಗೂ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು ಮತ್ತು ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಪುಸ್ತಕಕ್ಕೆ ಬರೆಯುವ ಪದ್ಧತಿ ಇದೆ. ಕಾಫಿ ಹೂ ಅರಳಿಸುವ ಹೂಮಳೆ ಯಾವ ದಿನ ಬಿತ್ತು, ಅದರ ನಂತರದ ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಬಂತು ಎಂಬುದನ್ನು ತಾತನ ಕಾಲದ ಪುಸ್ತಕ ತೆಗೆದು ತೋರಿಸುವ ಮನೆಗಳಿವೆ. ಒಂದೇ ಹೋಬಳಿಯ ಎರಡು ತೋಟಗಳ ನಡುವೆ ಮಳೆ ಎಷ್ಟು ವ್ಯತ್ಯಾಸವಾಗುತ್ತದೆ, ವಿಪರೀತ ಮಳೆಯ ದಿನಗಳು ಹೆಚ್ಚುತ್ತಿವೆಯೇ ಎಂಬ ಪ್ರಶ್ನೆಗಳಿಗೆ ಸಂಭವನೀಯತಾ ಸಿದ್ಧಾಂತದಲ್ಲಿ ಪಕ್ವವಾದ ವಿಧಾನಗಳಿವೆ. ಆ ಮಳೆ ಮಣ್ಣಿಗಿಳಿದ ಮೇಲೆ ಏನಾಗುತ್ತದೆ ಎಂಬುದಕ್ಕೆ ರಿಚರ್ಡ್ಸ್ 1931ರಲ್ಲಿ ಕೊಟ್ಟ ಸಮೀಕರಣವಿದೆ. ಮಣ್ಣಿನ ರಂಧ್ರಗಳಲ್ಲಿ ನೀರಿನ ಒತ್ತಡ ಏರಿ ಇಳಿಜಾರು ಜಾರುವುದನ್ನು ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದು ಹೆದ್ದಾರಿ ಬಂದ್ ಆದಾಗಲೆಲ್ಲ ಕಾಣುತ್ತೇವೆ. ದ್ರವಗತಿಶಾಸ್ತ್ರವೇ ಬೇಕು ಎನ್ನುವ ಗೈಡಿಗೆ ಇದಕ್ಕಿಂತ ಒಳ್ಳೆಯ ದ್ರವ ಎಲ್ಲಿ ಸಿಗಬೇಕು? ಗೊರೂರಿನ ಹೇಮಾವತಿ ಜಲಾಶಯಕ್ಕೆ, ಅದರ 37.103 ಟಿಎಂಸಿ ಸಾಮರ್ಥ್ಯಕ್ಕೆ, ಘಟ್ಟದಲ್ಲಿ ಮಳೆಯಾದ ಎಷ್ಟು ಗಂಟೆಯ ಮೇಲೆ ಎಷ್ಟು ಒಳಹರಿವು ಬರುತ್ತದೆ ಎಂಬುದೂ ಇದೇ ಕುಲದ ಪ್ರಶ್ನೆ.

ಹಾಸನದ ಸಾಲಗಾಮೆ ರಸ್ತೆಯಲ್ಲಿ 1982ರಿಂದ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರವಿದೆ. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹವನ್ನು ಸೂರ್ಯ ಚಂದ್ರರ ಸೆಳೆತ ನಿಧಾನವಾಗಿ ಪಕ್ಕಕ್ಕೆ ಎಳೆಯುತ್ತದೆ. ಯಾವಾಗ, ಎಷ್ಟು ಇಂಧನ ಸುಟ್ಟು ಅದನ್ನು ಮತ್ತೆ ಜಾಗಕ್ಕೆ ತರಬೇಕು ಎಂಬ ಲೆಕ್ಕದ ಮೇಲೆ ಉಪಗ್ರಹದ ಆಯುಷ್ಯ ನಿಂತಿದೆ. ಕೇಂದ್ರದ ಒಳಗಿನ ದತ್ತಾಂಶ ಹೊರಗಿನವರಿಗೆ ಸಿಗದಿದ್ದರೂ, ಉಪಗ್ರಹಗಳ ಕಕ್ಷೆಯ ವಿವರಗಳು ಸಾರ್ವಜನಿಕವಾಗಿ ಲಭ್ಯವಿರುವುದರಿಂದ ಕಲಿಯಲು ಅಡ್ಡಿಯಿಲ್ಲ. ಮೋಡ ಕವಿದ ತಂಪು ದಿನಗಳಲ್ಲಿ ಆಲೂಗಡ್ಡೆ ಹೊಲಗಳಿಗೆ ಬರುವ ಅಂಗಮಾರಿ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಸಂಸ್ಥೆಯವರು ಬಹುಕಾಲದಿಂದ ಅಭ್ಯಸಿಸುತ್ತಿರುವ ಬಿಳಿ ಕಾಂಡಕೊರಕ, ಇವೂ ಗಣಿತದವರಿಗಾಗಿ ಕಾದಿರುವ ವಿಷಯಗಳೇ.

ಆದ್ದರಿಂದ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಗಣಿತದ ಸಂಶೋಧನೆಗೆ ನೋಂದಣಿ ಮಾಡಿಸುವ ವಿಶ್ವವಿದ್ಯಾಲಯಗಳಿಗೆ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸಂಶೋಧನಾ ಕೇಂದ್ರಗಳಿಗೆ ನನ್ನದೊಂದು ಸೂಚನೆ. ವಿದ್ಯಾರ್ಥಿ ಸಾರಲೇಖವನ್ನು ಸಲ್ಲಿಸುವಾಗ, ತನ್ನ ಸಮೀಕರಣಗಳಲ್ಲಿರುವ ಪ್ರತಿಯೊಂದು ಪ್ರಾಚಲವನ್ನೂ ಯಾರು, ಎಲ್ಲಿ ಅಳೆದಿದ್ದಾರೆ, ಅಳೆದಿಲ್ಲವಾದರೆ ತಾನು ಹೇಗೆ ಅಳೆಯುತ್ತೇನೆ ಅಥವಾ ಅಂದಾಜಿಸುತ್ತೇನೆ ಎಂಬುದನ್ನು ಒಂದು ಪುಟದಲ್ಲಿ ಬರೆಯಬೇಕು; ಸಂಶೋಧನಾ ಸಲಹಾ ಸಮಿತಿ ಆ ಪುಟವನ್ನು ಓದಿದ ಮೇಲೆಯೇ ವಿಷಯಕ್ಕೆ ಒಪ್ಪಿಗೆ ಕೊಡಬೇಕು. ‘ಅನ್ವಯಿಕ’ ಎಂಬ ಹೆಸರಿಲ್ಲದ ಶುದ್ಧ ಗಣಿತದವರಿಗೆ ಈ ಪುಟ ಬೇಡ, ಅವರ ನ್ಯಾಯ ಬೇರೆ. ಇದಕ್ಕೆ ಹೊಸ ಕಾನೂನೂ ಬೇಕಿಲ್ಲ, ಹೊಸ ಅನುದಾನವೂ ಬೇಕಿಲ್ಲ. ಬೇರೆ ವಿಭಾಗದ ಅಥವಾ ಬೇರೆ ಸಂಸ್ಥೆಯ ಸಹ-ಮಾರ್ಗದರ್ಶಕರನ್ನು ಹೊಂದಲು 2022ರ ನಿಯಮಾವಳಿಯೇ ಅವಕಾಶ ಕೊಟ್ಟಿದೆ. ಸಸ್ಯರೋಗ ಬಲ್ಲವರೋ, ಸಿವಿಲ್ ಎಂಜಿನಿಯರೋ, ಸಮುದಾಯ ವೈದ್ಯಶಾಸ್ತ್ರದವರೋ ಒಬ್ಬರು ಜೊತೆಗಿದ್ದರೆ ಗಣಿತದ ಗೈಡಿನ ಹೊರೆ ಅರ್ಧ ಇಳಿಯುತ್ತದೆ.

ಇದರಿಂದ ಪ್ರಕಟಣೆಗಳು ತಡವಾಗುತ್ತವೆ ಎಂಬ ಆಕ್ಷೇಪ ಬರುತ್ತದೆ ಎಂದು ಬಲ್ಲೆ, ಮತ್ತು ಅದು ಸುಳ್ಳಲ್ಲ. ಹಾಳೆಯ ಸಮೀಕರಣಕ್ಕೆ ಪದವೊಂದನ್ನು ಸೇರಿಸಿ ಕೆಲವು ತಿಂಗಳಲ್ಲಿ ಲೇಖನ ಬರೆಯಬಹುದು. ತೋಟದ ಮಳೆ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವಷ್ಟರಲ್ಲೇ ಒಂದು ವರ್ಷ ಕಳೆಯುತ್ತದೆ. ಆದರೆ ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟವಾಗಿರಲೇಬೇಕು ಎಂಬ ಷರತ್ತನ್ನು ಯುಜಿಸಿ 2022ರಲ್ಲೇ ಕೈಬಿಟ್ಟಿದೆ. ವಿಶ್ವವಿದ್ಯಾಲಯಗಳು ತಮ್ಮ ಮಟ್ಟದಲ್ಲಿ ಆ ಷರತ್ತನ್ನು ಉಳಿಸಿಕೊಂಡು ಆತುರವನ್ನು ತಾವೇ ಸೃಷ್ಟಿಸಿಕೊಳ್ಳುವುದು ಬೇಡ.

ವಿದ್ಯಾರ್ಥಿಗಳು ಕಾಯದೆ ಮಾಡಬಹುದಾದದ್ದೂ ಇದೆ. ನೋಂದಣಿಗೆ ಮುನ್ನ ಸಂಖ್ಯಾಶಾಸ್ತ್ರವನ್ನು ಮತ್ತೆ ಓದಿಕೊಳ್ಳಲಿ, ಏಕೆಂದರೆ ಎಂ.ಎಸ್ಸಿ ಗಣಿತದಲ್ಲಿ ಅದಕ್ಕೆ ಸಿಗುವ ಜಾಗ ಕಡಿಮೆ. ದುಬಾರಿ ತಂತ್ರಾಂಶವಿಲ್ಲ ಎಂದು ಕೂರದೆ ಉಚಿತವಾಗಿ ಸಿಗುವ ಪೈಥಾನ್ ಕಲಿಯಲಿ. ಗೈಡ್ ಆಗಲಿರುವವರ ಹಿಂದಿನ ವಿದ್ಯಾರ್ಥಿಗಳ ಪ್ರಬಂಧಗಳು ಪಿಎಚ್.ಡಿ ಪ್ರಬಂಧಗಳ ಜಾಲತಾಣವಾದ ಶೋಧಗಂಗಾದಲ್ಲಿ ಯಾರಿಗಾದರೂ ಓದಲು ಸಿಗುತ್ತವೆ. ಅಂತಹ ಎರಡು ಪ್ರಬಂಧಗಳ ಗ್ರಾಫುಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಆಮೇಲೆ ಅರ್ಜಿಗೆ ಸಹಿ ಹಾಕಲಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಪ್ರಾಧ್ಯಾಪಕ,
ಹಾಸನ