ಕಣ್ಣಿನ ಶಿಬಿರ ನಡೆಸಿಕೊಟ್ಟವರಿಗೆ ವಂದನೆ

ಬೆಟ್ಟದ ಊರುಗಳ ಕಣ್ಣಿನ ಶಿಬಿರ ಮುಗಿದಿದೆ, ಕೊನೆಯ ಪಟ್ಟಿಯನ್ನೂ ಬಿಚ್ಚಿ ಆಯಿತು. ಪೊರೆ ತೆಗೆದ ವೈದ್ಯರಿಗೆ ಊರೇ ಕೈಮುಗಿದಿದೆ. ಅವರ ಕೆಲಸಕ್ಕೆ ದಾರಿ ಮಾಡಿಕೊಟ್ಟವರನ್ನು ಇಲ್ಲಿ ನೆನೆಯುತ್ತಿದ್ದೇವೆ.

ಮನೆಮನೆ ಸುತ್ತಿದ ಆರೋಗ್ಯ ಸ್ವಯಂಸೇವಕಿಯರೇ, ನೀವು 3 ಮೀಟರ್ ದೂರ ನಿಂತು, ಒಂದೊಂದೇ ಕಣ್ಣು ಮುಚ್ಚಿಸಿ ಬೆರಳು ಎಣಿಸಿದಿರಿ. ಒಂದು ಕಣ್ಣು ಚೆನ್ನಾಗಿದೆಯೆಂದು ಸುಮ್ಮನಿದ್ದವರೂ ಅದರಿಂದಲೇ ಸಿಕ್ಕರು. ಸಣ್ಣ ತೂತಿನ ಮೂಲಕ ನೋಡಿದಾಗ ದೃಷ್ಟಿ ಸುಧಾರಿಸಿದವರನ್ನು ಕನ್ನಡಕದ ಸಾಲಿಗೆ, ಉಳಿದವರನ್ನು ವೈದ್ಯರ ಬಳಿಗೆ ಕಳಿಸಿದಿರಿ. ಈ ವಿಂಗಡಣೆ ತಪ್ಪಿದರೆ ದಿನಗಟ್ಟಲೆ ನಡೆದು ಬಂದ ಮುದುಕರು ಸುಮ್ಮನೆ ವಾಪಸಾಗಬೇಕಾಗುತ್ತದೆ.

ಸೂಕ್ಷ್ಮದರ್ಶಕದ ತಲೆಭಾಗವನ್ನು ಕುಲುಕದಂತೆ ಹೊತ್ತು ತಂದ ಹಮಾಲರಿಗೆ, ಜನರೇಟರ್ ಏರಿಳಿತಕ್ಕೆ ಬಲ್ಬ್ ಸುಟ್ಟೀತೆಂದು ಬದಲಿ ಬಲ್ಬ್ ಕೈಯಲ್ಲೇ ಇಟ್ಟುಕೊಂಡಿದ್ದವರಿಗೆ ನಮಸ್ಕಾರ.

ಒತ್ತಡದ ಹಬೆಯಿಂದ ಉಪಕರಣಗಳ ಕ್ರಿಮಿ ಕೊಲ್ಲುವ ಪಾತ್ರೆಯಾದ ಆಟೋಕ್ಲೇವ್ ನೋಡಿಕೊಂಡವರಿಗೆ ಎಷ್ಟು ವಂದಿಸಿದರೂ ಸಾಲದು. 3,000 ಮೀಟರ್ ಎತ್ತರದಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ. ಒತ್ತಡದ ಮುಳ್ಳು ಹೊರಗಿನ ಗಾಳಿಗಿಂತ ಒಳಗೆಷ್ಟು ಹೆಚ್ಚಿದೆ ಎಂಬುದನ್ನಷ್ಟೇ ತೋರಿಸುತ್ತದೆ. ಹೊರಗಿನ ಗಾಳಿಯೇ ತೆಳುವಾಗಿರುವ ಕಡೆ, ಬಯಲಿನಲ್ಲಿ ಸಾಕಾಗುವ 15 ಪೌಂಡಿಗೆ (ಚದರ ಇಂಚಿಗೆ) ಕ್ರಿಮಿ ಸಾಯಲು ಬೇಕಾದ 121 ಡಿಗ್ರಿ ಒಳಗೆ ಬರುವುದಿಲ್ಲ. ಪ್ರತಿ 1,000 ಅಡಿಗೆ ಅರ್ಧ ಪೌಂಡ್ ಸೇರಿಸಬೇಕು, ಅಂದರೆ 10,000 ಅಡಿಯಲ್ಲಿ 20. ಪಾತ್ರೆ ಅಷ್ಟು ಒತ್ತಡ ತಾಳುತ್ತದೆಯೇ ಎಂದು ಹೊರಡುವ ಮೊದಲೇ ನೋಡಿಕೊಂಡಿರಿ. ಒಳಗಿನ ಗಾಳಿ ಪೂರ್ತಿ ಹೋಗುವ ತನಕ ವಾಲ್ವ್ ಮುಚ್ಚಲಿಲ್ಲ. ಉಪಕರಣದ ಕಟ್ಟಿಗೆ ಅಂಟಿಸಿದ ಸೂಚಕ ಟೇಪಿನ ಬಣ್ಣ ಬದಲಾದದ್ದನ್ನಷ್ಟೇ ನಂಬಿ ಕೂರಲಿಲ್ಲ, ಅದು ಶಾಖ ತಗುಲಿದ್ದನ್ನು ಹೇಳುತ್ತದೆ, ಕ್ರಿಮಿ ಸತ್ತದ್ದನ್ನಲ್ಲ.

ಪೊರೆ ತೆಗೆದ ಜಾಗದಲ್ಲಿ ಕೂರಿಸುವ ಲೆನ್ಸಿನ ಪವರ್ ಲೆಕ್ಕ ಹಾಕಿದ ನೇತ್ರ ಸಹಾಯಕರೇ, ಕಣ್ಣಿನ ಉದ್ದದಲ್ಲಿ 1 ಮಿಲಿಮೀಟರ್ ತಪ್ಪಿದರೆ ಪವರಿನಲ್ಲಿ ಎರಡೂವರೆ ಡಯಾಪ್ಟರಿನಷ್ಟು (ಪವರ್ ಅಳೆಯುವ ಮಾನ) ವ್ಯತ್ಯಾಸ. ಅಳೆಯಲು ಕಣ್ಣಿಗೆ ತಾಗಿಸುವ ಪ್ರೋಬ್ ಒತ್ತಿದರೆ ಉದ್ದ ಕಡಿಮೆ ಬರುತ್ತದೆ. ಸಾಲು ಎಷ್ಟೇ ಉದ್ದವಿದ್ದರೂ ನೀವು ಆತುರಪಡಲಿಲ್ಲ. ಆಪರೇಷನ್ನಿಗೆ ಮುಂಚೆ ಕ್ರಿಮಿನಾಶಕವಾದ 5 ಪ್ರತಿಶತ ಪೊವಿಡೋನ್ ಅಯೋಡಿನ್ ಹನಿ ಹಾಕಿ 3 ನಿಮಿಷ ಕಾಯುವುದನ್ನೂ ಒಬ್ಬರಿಗೂ ತಪ್ಪಿಸಲಿಲ್ಲ.

ಹೊಲಿಗೆಯಿಲ್ಲದ ಪೊರೆ ಚಿಕಿತ್ಸೆಯನ್ನು ಹಿಮಾಲಯದ ಹಳ್ಳಿಗಳಿಗೆ ಒಯ್ದ ನೇಪಾಳದ ಡಾ. ಸಂದುಕ್ ರುಯಿತ್, 1994ರಲ್ಲಿ ಕಠ್ಮಂಡುವಿನಲ್ಲಿ ಶುರುವಾದ ತಿಲಗಂಗಾ ಕಣ್ಣಿನ ಕೇಂದ್ರ, 1992ರಿಂದ ಕಡಿಮೆ ಬೆಲೆಗೆ ಲೆನ್ಸ್ ಮಾಡುತ್ತಿರುವ ಮಧುರೈನ ಅರೋಲ್ಯಾಬ್: ಇವರ ಋಣವೂ ಇಂಥ ಪ್ರತಿ ಶಿಬಿರದ ಮೇಲಿದೆ.

ಇನ್ನು ಮನೆಯವರಿಗೆ. ಇನ್ನೂ 4ರಿಂದ 6 ವಾರ, ಚೀಟಿಯಲ್ಲಿ ಬರೆದಂತೆ, ಕೈ ತೊಳೆದು ಹನಿ ಹಾಕಲಿರುವವರು ನೀವೇ, ನಿಮಗೂ ಮುಂಗಡವಾಗಿ ವಂದನೆ. ನೋವು ಹೆಚ್ಚಿದರೆ, ಕಣ್ಣು ಕೆಂಪಾದರೆ, ಬಂದ ದೃಷ್ಟಿ ಮತ್ತೆ ಮಸುಕಾದರೆ ಬೆಳಗಿನ ತನಕ ಕಾಯಬೇಡಿ, ಆಗಲೇ ಸ್ವಯಂಸೇವಕಿಗೆ ತಿಳಿಸಿ.