ಫಿಟ್ಸ್ ಬಾರದೆ ಎರಡು ವರ್ಷ

ಕೊನೆಯ ಸಲ ಫಿಟ್ಸ್ ಬಂದು ಇವತ್ತಿಗೆ ಎರಡು ವರ್ಷ ತುಂಬಿತು. ಬೆಳಗಿನ ಮಾತ್ರೆ ನುಂಗಿ ಇದನ್ನು ಬರೆಯೋಕೆ ಕೂತಿದ್ದೇನೆ.

ನರಸಾಪುರದ ಹತ್ತಿರ ಬೈಕಿನಿಂದ ಬಿದ್ದಾಗ ಹೆಲ್ಮೆಟ್ ಹಾಕಿರಲಿಲ್ಲ. ತಲೆಯೊಳಗೆ ರಕ್ತ ಹೆಪ್ಪುಗಟ್ಟಿ ಆಪರೇಷನ್ ಆಯ್ತು. ಫಿಟ್ಸ್ ಬರದಿರಲಿ ಅಂತ ಒಂದು ವಾರ ಔಷಧ ಕೊಟ್ಟು ನಿಲ್ಲಿಸಿದರು. ಹೊಲಿಗೆ ಬಿಚ್ಚಿದರು, ಕೂದಲು ಬೆಳೆಯಿತು, ಗಂಡಾಂತರ ಕಳೆಯಿತು ಅಂದುಕೊಂಡೆವು. ಎಂಟು ತಿಂಗಳ ಮೇಲೆ ಕೋಲಾರದ ಟೊಮ್ಯಾಟೊ ಮಂಡಿಯಲ್ಲಿ ಬಿದ್ದೆ. ಆ ಒಂದು ವಾರದ ಔಷಧ ಏಟು ಬಿದ್ದ ಹೊಸದರಲ್ಲಿ ಬರುವ ಫಿಟ್ಸಿಗೆ ಮಾತ್ರ. ಮಿದುಳಲ್ಲಿ ಉಳಿದ ಕಲೆಯಿಂದ ತಿಂಗಳು, ವರ್ಷ ಬಿಟ್ಟು ಬರೋದನ್ನು ಅದು ತಡೆಯಲ್ಲ ಅಂತ ಆಮೇಲೆ ಡಾಕ್ಟರ್ ಬಿಡಿಸಿ ಹೇಳಿದರು.

ಅವತ್ತು ಯಾರೋ ನನ್ನ ಕೈಗೆ ಬೀಗದ ಕೈ ಕೊಡೋಕೆ ಬಂದರಂತೆ, ಇನ್ನೊಬ್ಬರು ಈರುಳ್ಳಿ ಮೂಸಿಸಿ ಅಂದರಂತೆ. ಹಮಾಲಿ ಅಣ್ಣ ಒಬ್ಬರನ್ನೂ ಹತ್ತಿರ ಬಿಡಲಿಲ್ಲ. ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ನನ್ನ ತಲೆ ಕೆಳಗಿಟ್ಟರು. ಮಗ್ಗುಲಿಗೆ ಹೊರಳಿಸಿದರು. ಬಾಯಿಗೆ ಏನೂ ತುರುಕದೆ, ಮೊಬೈಲಿನಲ್ಲಿ ಟೈಮ್ ನೋಡುತ್ತಾ ಪಕ್ಕದಲ್ಲೇ ಕೂತಿದ್ದರು. ಅವರ ತಂಗಿಗೂ ಇದೇ ಕಾಯಿಲೆಯಂತೆ. ಅಣ್ಣಾ, ನಿಮ್ಮ ಋಣ ದೊಡ್ಡದು.

ಫಿಟ್ಸಿಗೆ ಅಂತ ಕೊಟ್ಟ ಫೆನಿಟಾಯಿನ್ ಮಾತ್ರೆ ಶುರುವಾಗಿ ಮೂರನೇ ವಾರ ಜ್ವರ ಬಂತು, ಎದೆ ಮೇಲೆ ಕೆಂಪು ಗುಳ್ಳೆ ಎದ್ದವು. ಬಿಸಿಲಿಗೆ ಇರಬೇಕು ಅಂದುಕೊಂಡೆ. ರಾತ್ರಿ ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟರೆ ಬೆಂಕಿ ಇಟ್ಟಂತೆ ಉರಿ. ಬಾಯೊಳಗೆಲ್ಲ ಹುಣ್ಣು. ಮೆಡಿಕಲ್ ಸ್ಟೋರಿಗೆ ಹೋಗಿ ಹಚ್ಚೋಕೆ ಕ್ರೀಮ್ ಕೇಳಿದೆ. ಅಲ್ಲಿನ ಅಕ್ಕ ನನ್ನ ತುಟಿ ನೋಡಿದರು. “ಹೊಸದಾಗಿ ಯಾವ ಮಾತ್ರೆ ತಗೋತಿದ್ದೀರಾ?” ಅಂದರು. ಹೆಸರು ಹೇಳಿದೆ. ಕ್ರೀಮ್ ಕೊಡಲಿಲ್ಲ. “ಬೆಳಿಗ್ಗೆವರೆಗೂ ಕಾಯಬೇಡಿ, ಈಗಲೇ ಆಸ್ಪತ್ರೆಗೆ ಹೋಗಿ” ಅಂತ ಅವರೇ ಆಟೋ ಕೂಗಿದರು.

ಅದು ಸ್ಟೀವನ್ಸ್-ಜಾನ್ಸನ್ ಅನ್ನೋ ತೊಂದರೆಯ ಶುರು. ಅಪರೂಪ, ಆದರೆ ಚರ್ಮ ಸುಲಿದು ಜೀವಕ್ಕೇ ಕುತ್ತಾಗಬಹುದು. ಬಂದರೆ ಹೆಚ್ಚಾಗಿ ಮಾತ್ರೆ ಶುರುವಾದ ಮೊದಲ ಎರಡು ತಿಂಗಳಲ್ಲೇ. ಡಾಕ್ಟರ್ ಆ ಮಾತ್ರೆಯನ್ನು ಅಂದೇ ನಿಲ್ಲಿಸಿ ಬೇರೆಯದು ಕೊಟ್ಟರು. ಫೆನಿಟಾಯಿನ್ ಕೊಡಬಾರದು, ಅದೇ ಥರ ತೊಂದರೆ ಕೊಡಬಹುದಾದ ಇನ್ನೊಂದು ಫಿಟ್ಸ್ ಮಾತ್ರೆ ಕಾರ್ಬಮಜೆಪಿನ್ ಸಹ ಬೇಡ ಅಂತ ಬರೆದ ಚೀಟಿ ಈಗಲೂ ನನ್ನ ಜೇಬಿನಲ್ಲಿದೆ.

ಹೊಸದು ಲೆವೆಟಿರಾಸಿಟಾಮ್. ಮೈಗೆ ಏನೂ ಆಗಲಿಲ್ಲ, ಸಿಟ್ಟು ಮಾತ್ರ ತಡೆಯೋಕೆ ಆಗುತ್ತಿರಲಿಲ್ಲ. ಮಗಳು ಪೆನ್ಸಿಲ್ ಕೇಳಿದ್ದಕ್ಕೆ ಊಟದ ತಟ್ಟೆ ಎಸೆದೆ. ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ನನ್ನ ಹೆಂಡತಿ ಜಗಳ ಮಾಡಲಿಲ್ಲ. ಡೋಸ್ ಜಾಸ್ತಿ ಮಾಡಿದ ದಿನ, ನಾನು ಕೂಗಾಡಿದ ದಿನ, ಎಲ್ಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿದಳು. ಮಾತ್ರೆಯೇ ಬೇಡ ಅಂತ ನಾನು ಎಸೆಯೋಕೆ ಹೊರಟಾಗ ಕೈ ಹಿಡಿದಳು. ಒಂದೇ ಸಲ ಬಿಟ್ಟರೆ ಫಿಟ್ಸ್ ನಿಲ್ಲದೆ ಒಂದರ ಮೇಲೊಂದು ಬರಬಹುದು ಅನ್ನೋದು ಅವಳಿಗೆ ಗೊತ್ತಿತ್ತು. ಕ್ಯಾಲೆಂಡರ್ ಹಾಳೆಗಳನ್ನು ಮಡಿಚಿಕೊಂಡು ಡಾಕ್ಟರ ಹತ್ತಿರ ಹೋದಳು. ಅವರು ಒಂದೊಂದು ಹಾಳೆಯನ್ನೂ ನೋಡಿದರು. ಇನ್ನೊಂದು ಮಾತ್ರೆ ಏರಿಸುತ್ತಾ ಇದನ್ನು ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸಿದರು. ಆ ಮಧ್ಯೆ ಒಂದು ಸಲ ಫಿಟ್ಸ್ ಬಂತು. ಅದೇ ಕೊನೆ.

ಬೈಕ್ ಇನ್ನೂ ಮುಟ್ಟಿಲ್ಲ. ದಿನಾ ಮಂಡಿಗೆ ಕರೆದುಕೊಂಡು ಹೋಗೋ ಗೆಳೆಯನಿಗೆ, ಬಾಕ್ಸ್ ಹೊರೋದು ಬಿಡಿಸಿ ಲೆಕ್ಕ ಬರೆಯೋಕೆ ಕೂರಿಸಿದ ಮಂಡಿ ಯಜಮಾನರಿಗೆ ನಮಸ್ಕಾರ. ಆ ಕ್ಯಾಲೆಂಡರನ್ನು ನನ್ನ ಹೆಂಡತಿ ಬೀರುವಿನಲ್ಲಿ ಎತ್ತಿಟ್ಟಿದ್ದಾಳೆ. ಈ ವರ್ಷದ್ದು ಗೋಡೆ ಮೇಲಿದೆ, ಅದರಲ್ಲಿ ಮಗಳ ಪರೀಕ್ಷೆ ದಿನಕ್ಕೆ ಮಾತ್ರ ಗುರುತು ಹಾಕಿದೆ.