ಹೆರಾಲ್ಡ್ ಕಾರನ್ನ ಗುಜರಿಗೆ ಹಾಕ್ಬೇಡಿ ಅಪ್ಪಾಜಿ

ಅಪ್ಪಾಜಿ, ಅವ್ವ,

ನಾನಿಲ್ಲಿ ಕ್ಷೇಮ, ಅಲ್ಲಿ ಎಲ್ರೂ ಆರಾಮಾಗಿದೀರ ಅನ್ಕೊಂಡಿದೀನಿ. ಮೊನ್ನೆ ಫೋನಲ್ಲಿ ಚಿಕ್ಕಪ್ಪ ಆ ಕಡೆಯಿಂದ ಕೂಗ್ತಿದ್ರು, ನೀವು ಈ ಕಡೆಯಿಂದ ಬೈತಿದ್ರಿ, ಮಧ್ಯೆ ನನ್ನ ಮಾತು ಯಾರಿಗೂ ಕೇಳಿಸ್ಲೇ ಇಲ್ಲ, ಅದಕ್ಕೆ ಉದ್ದಕ್ಕೆ ಟೈಪ್ ಮಾಡಿ ಪುಟ್ಟಿಗೆ ಕಳಿಸ್ತಿದೀನಿ, ಅವಳು ಓದಿ ಹೇಳ್ತಾಳೆ. ವಿಷ್ಯ ಒಂದೇ. ಪಾಂಡವಪುರದ ತೋಟದ ಶೆಡ್ಡಲ್ಲಿ ನಿಂತಿರೋ ತಾತನ ಹೆರಾಲ್ಡನ್ನ ಗುಜರಿಯವನಿಗೆ ಕೊಡ್ಬೇಡಿ. ಕೊಡೋದೇ ಆದ್ರೂ ಇದನ್ನ ಪೂರ್ತಿ ಓದಿಸ್ಕೊಂಡು ಆಮೇಲೆ ಕೊಡಿ.

ನಾನಿರೋ ಇಂಗ್ಲೆಂಡಿನ ಈ ಕವೆಂಟ್ರಿ ಒಂದ್ಕಾಲಕ್ಕೆ ಕಾರು ಫ್ಯಾಕ್ಟ್ರಿಗಳ ಊರು. ಹೆರಾಲ್ಡ್, ಸ್ಪಿಟ್‌ಫೈರ್ ಎರಡೂ ಟ್ರಯಂಫ್ ಅನ್ನೋ ಕಂಪ್ನಿದು, ಟ್ರಯಂಫ್ ಕಾರು ಇಲ್ಲೇ ಕ್ಯಾನ್ಲಿ ಅನ್ನೋ ಕಡೆ ಆಗ್ತಿದ್ವು, 1980ರಲ್ಲಿ ಅಲ್ಲಿ ಕಾರು ಕಟ್ಟೋದು ನಿಂತೋಯ್ತು. ನಮ್ಮ ಪಕ್ಕದ್ಮನೆ ಯಜಮಾನ್ರು ವಯಸ್ಸಲ್ಲಿ ಅಲ್ಲೇ ಫಿಟ್ಟರ್ ಆಗಿದ್ದೋರು. ಅವರ ಗ್ಯಾರೇಜಲ್ಲಿ 1972ರ ಸ್ಪಿಟ್‌ಫೈರ್ ಇದೆ, ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು, 1296 ಸಿಸಿ ಇಂಜಿನ್ನು. ರಜಾ ಬಂತು ಅಂದ್ರೆ ನಾನು ಅಲ್ಲೇ ಬಿದ್ದಿರ್ತೀನಿ ಅಂತ ಅವ್ವ ಬೈತಾಳಲ್ಲ, ಅದು ಇದಕ್ಕೇನೆ. ಹೋದ ಶನಿವಾರ ಅದರ ಬಾಡಿನ ಚಾಸಿ, ಅಂದ್ರೆ ಕೆಳಗಿನ ಕಬ್ಬಿಣದ ಚೌಕಟ್ಟಿನ ಮೇಲಿಂದ ಪೂರ್ತಿ ಎತ್ತಿ ಪಕ್ಕಕ್ಕಿಟ್ವಿ.

ನೀವು ಕೇಳಿದ್ರಿ, ಕಾರಿನ ಬಾಡಿ ಯಾಕೋ ಎತ್ತೋದು, ಪಿಟ್ಟಲ್ಲಿ ಇಳಿದು ಕೆಳಗಿಂದ ವೆಲ್ಡಿಂಗ್ ಮಾಡಿದ್ರೆ ಆಗಲ್ವಾ ಅಂತ. ಈಗಿನ ಕಾರಿಗೆ ಬಾಡಿನೇ ಚಾಸಿ, ಎತ್ತೋಕೆ ಏನೂ ಇಲ್ಲ ಬಿಡಿ. ಆದ್ರೆ ಇದು ನಿಮ್ಮ ಲಾರಿ ಲೆಕ್ಕ, ಚಾಸಿ ಬೇರೆ ಬಾಡಿ ಬೇರೆ. ನೀವು ಲಾರಿಗೆ ಮಧ್ಯೆ ಮರದ ಪಟ್ಟಿ ಕೊಟ್ಟು ಯು ಬೋಲ್ಟ್ ಬಿಗೀತಿದ್ರಲ್ಲ, ಇಲ್ಲಿ ಮರದ ಬದ್ಲು ಸಣ್ಣ ಸಣ್ಣ ಪ್ಯಾಡು. ಆ ಪ್ಯಾಡ್ ಇರೋ ಸಂದಿಲೇ ನೀರು, ಮಣ್ಣು, ಚಳಿಗಾಲದಲ್ಲಿ ಐಸ್ ಕರಗಲಿ ಅಂತ ರೋಡಿಗೆ ಹಾಕೋ ಉಪ್ಪು ಎಲ್ಲ ಹೋಗಿ ಕೂತು ತಿಂದಾಕಿರತ್ತೆ, ಅಲ್ಲಿಗೆ ಕೆಳಗಿಂದ ಎಷ್ಟು ತಲೆ ತೂರಿಸಿದ್ರೂ ಟಾರ್ಚ್ ಹೋಗಲ್ಲ, ಬ್ರಷ್ಷೂ ಹೋಗಲ್ಲ.

ಎತ್ತೋದು ನಿಮಿಷದ ಕೆಲ್ಸ, ಅದಕ್ಕೆ ರೆಡಿ ಮಾಡೋದೇ ದೊಡ್ಡ ರಾಮಾಯಣ. ಬ್ಯಾಟರಿ ತೆಗೀಬೇಕು, ರೇಡಿಯೇಟರ್ ನೀರು ಬಸೀಬೇಕು, ಮುಂದಿನ ಬಾನೆಟ್ಟು ಮಡ್‌ಗಾರ್ಡ್ ಸಮೇತ ಒಂದೇ ಪೀಸು ಅದನ್ನ ಇಳಿಸ್ಬೇಕು, ಸೀಟು, ಬಾಗ್ಲು, ಪೆಟ್ರೋಲ್ ಟ್ಯಾಂಕು, ಸ್ಟೇರಿಂಗ್ ರಾಡು, ಬ್ರೇಕ್ ಪೈಪು ಕ್ಲಚ್ ಪೈಪು, ಹ್ಯಾಂಡ್‌ಬ್ರೇಕ್ ಕೇಬಲ್ಲು, ಸ್ಪೀಡೋ ಮೀಟರ್ ಕೇಬಲ್ಲು, ಅರ್ತ್ ವೈರು, ಒಂದಾದ ಮೇಲೆ ಒಂದು ಬಿಡಿಸ್ತಾನೇ ಇರ್ಬೇಕು. ಯಜಮಾನ್ರು ಒಂದೊಂದು ಬೋಲ್ಟನ್ನೂ ಒಂದೊಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಚೀಟಿ ಬರೆದಿಡ್ತಾರೆ. ಪ್ಯಾಡ್ ಜೊತೆ ತೆಳ್ಳಗಿನ ಪ್ಯಾಕಿಂಗ್ ತಗಡು ಬರತ್ತೆ, ಕೆಲವು ಕಡೆ ಒಂದು, ಕೆಲವು ಕಡೆ ಎರಡು, ಅದು ಯಾವ ಮೂಲೆದು ಅಂತ ಬರ್ಕೊಳ್ದೆ ಕಲೆಸಿಬಿಟ್ರೆ ವಾಪಸ್ ಕೂರಿಸಿದಾಗ ಬಾಗ್ಲ ಗ್ಯಾಪು ಮೇಲೊಂದು ಕೆಳಗೊಂದು ಆಗೋಗತ್ತಂತೆ.

ಸ್ಪಿಟ್‌ಫೈರಲ್ಲಿ ಇನ್ನೊಂದು ಫಜೀತಿ. ಇದರ ಚಾಸಿ ನಡುವಲ್ಲಿ ಸಣ್ಣಗಿದ್ದು ಮುಂದೆ ಹಿಂದೆ ಅಗಲ ಆಗತ್ತೆ, ಎರಡೂ ಪಕ್ಕ ಪಟ್ಟಿ ಇಲ್ಲ, ಆ ಭಾರನೆಲ್ಲ ಬಾಗ್ಲ ಕೆಳಗಿರೋ ಬಾಡಿ ಪೆಟ್ಟಿಗೆನೇ ತಡ್ಕೋಬೇಕು. ಹಿಂದಿನ ಚಕ್ರದ ಕಂಬಿನೂ ಬಾಡಿಗೇ ಬೋಲ್ಟ್ ಆಗಿರತ್ತೆ. ಆ ಪೆಟ್ಟಿಗೆ ತುಕ್ಕು ಹಿಡಿದಿದ್ದಾಗ ಸುಮ್ನೆ ಎತ್ತಿದ್ರೆ ಬಾಡಿ ನಡುವಲ್ಲೇ ಮಡಚ್ಕೊಳತ್ತೆ, ಮೇಲೆ ಟಾಪ್ ಬೇರೆ ಇಲ್ಲ. ಅದಕ್ಕೆ ಎತ್ತೋಕೆ ಮುಂಚೆನೇ ಎರಡೂ ಬಾಗ್ಲ ಜಾಗಕ್ಕೆ ಅಡ್ಡಡ್ಡ ಕಬ್ಬಿಣದ ಪೈಪ್ ಕೊಟ್ಟು, ಹಿಂಜ್ ಬೋಲ್ಟಿನ ತೂತಿಂದ ಲಾಕ್ ಇರೋ ಕಡೆಗೆ ಬಿಗಿದು, ಟೇಪ್ ಹಿಡಿದು ಮೂಲೆಯಿಂದ ಮೂಲೆಗೆ ಅಳೆದು ಗೋಡೆ ಮೇಲೆ ಬರೆದ್ರು. ಇದನ್ನ ನೋಡಿ ನೀವೇ ನೆನಪಾದ್ರಿ, ಆಕ್ಸಿಡೆಂಟ್ ಲಾರಿ ಬಂದ್ರೆ ಕೆಲ್ಸಕ್ಕೆ ಕೈ ಹಾಕೋಕೆ ಮುಂಚೆ ದಾರ ಕಟ್ಟಿ ಅಳೀತಿದ್ರಲ್ಲ.

ಬಾಡಿ ಬೋಲ್ಟು ಅರ್ಧಕ್ಕರ್ಧ ಹಿಡ್ಕೊಂಡಿದ್ವು. ಎಣ್ಣೆ ಬಿಟ್ಟು, ಗ್ಯಾಸಲ್ಲಿ ಕಾಯಿಸಿ, ಆಗ್ದಿದ್ದನ್ನ ಗ್ರೈಂಡರಲ್ಲಿ ತಲೆ ಹಾರಿಸಿದ್ವಿ. ಆಮೇಲೆ ಕೆಳಗೆ ಎರಡು ಮರದ ತೊಲೆ ಕೊಟ್ಟು, ಅಕ್ಕಪಕ್ಕದೋರು ನಾಲ್ಕು ಜನ ನಾವಿಬ್ರು, ಮೇಲುಕೋಟೆ ಉತ್ಸವದಲ್ಲಿ ಅಡ್ಡೆ ಹೊರ್ತಾರಲ್ಲ ಹಂಗೆ ಹೆಗಲು ಕೊಟ್ವಿ. ಮೂರು ಮೂಲೆ ಎದ್ದು ಹಿಂದಿನ ಎಡಗಡೆ ಮೂಲೆ ಮಾತ್ರ ಜಪ್ಪಯ್ಯ ಅನ್ಲಿಲ್ಲ. ಯಜಮಾನ್ರು ನಿಲ್ಲಿ ನಿಲ್ಲಿ ಅಂತ ಕೂಗಿ, ನೆಲದ ಮೇಲೆ ಮಲಗಿ ನೋಡಿದ್ರೆ ಬೋಲ್ಟ್ ಬಂದಿದೆ, ಪ್ಯಾಡು ಐವತ್ತು ವರ್ಷದ ಪೇಂಟು ಮಣ್ಣಲ್ಲಿ ಚಾಸಿಗೆ ಅಂಟಿ ಕೂತಿದೆ. ಸಂದಿಗೆ ಪುಟ್ಟಿ ಬ್ಲೇಡ್ ತೂರಿಸಿ ನಿಧಾನಕ್ಕೆ ಆಡಿಸಿದ್ರು, ಟಪ್ ಅಂತ ಬಿಡ್ತು, ಹೆಗಲು ಕೊಟ್ಟಿದ್ದ ಐದು ಜನಾನೂ ಒಂದು ಹೆಜ್ಜೆ ತೂರಾಡಿದ್ವಿ. ಆ ಪ್ಯಾಡ್ ಇದ್ದ ಜಾಗದಲ್ಲಿ ಫ್ಯಾಕ್ಟ್ರಿ ಕೆಂಪು ಪೇಂಟು ನಿನ್ನೆ ಹೊಡೆದ ಹಾಗೆ ಮಿರಮಿರ ಮಿಂಚ್ತಿತ್ತು, ಅಲ್ಲಿಂದ ಎರಡು ಬೆರಳು ಈಚೆಗೆ ಬೆಟ್ಟಲ್ಲಿ ಒತ್ತಿದ್ರೆ ತೂತು. ಅದ್ಯಾವನೋ ಹಿಂದೆ ರಿಪೇರಿ ಮಾಡಿದೋನು ಪೇಪರ್ ಉಂಡೆ ಕಟ್ಟಿ ಒಳಗೆ ತುರುಕಿ ಮೇಲೆ ಪುಟ್ಟಿ ಮೆತ್ತಿ ಪೇಂಟ್ ಹೊಡೆದಿದ್ದ. ಟಿಂಕರಿಂಗ್ ಕಳ್ಳಾಟ ಎಲ್ಲ ದೇಶದಲ್ಲೂ ಒಂದೇ ಅಪ್ಪಾಜಿ.

ಈಗ ನಮ್ಮ ಹೆರಾಲ್ಡ್ ವಿಷ್ಯಕ್ಕೆ ಬರ್ತೀನಿ. ಈ ಸ್ಪಿಟ್‌ಫೈರ್ ಹುಟ್ಟಿದ್ದೇ ಹೆರಾಲ್ಡಿಂದ. 1959ರಲ್ಲಿ ಹೆರಾಲ್ಡ್ ಬಂತು, 1962ರಲ್ಲಿ ಅದರ ಚಾಸಿನೇ ಮೋಟು ಮಾಡಿ ಇದನ್ನ ಮಾಡಿದ್ರು, ಹೆರಾಲ್ಡಿನ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 91.5 ಇಂಚು, ಇದಕ್ಕೆ 83. ಎರಡನ್ನೂ ಡಿಸೈನ್ ಮಾಡಿದ್ದು ಇಟಲಿಯ ಮಿಕೆಲೊಟ್ಟಿ ಅನ್ನೋರು. ನಮ್ದು ಮದ್ರಾಸಲ್ಲಿ ಸ್ಟ್ಯಾಂಡರ್ಡ್ ಕಂಪ್ನಿ 1961ರಿಂದ ಮಾಡ್ತಿದ್ರಲ್ಲ ಅದೇ ಜಾತಿ, 948 ಸಿಸಿ. ಹೆರಾಲ್ಡ್ ಮಾಡೋ ಟೈಮಲ್ಲಿ ಕಂಪ್ನಿಯೋರಿಗೆ ಬಾಡಿ ಒಂದೇ ಪೀಸಲ್ಲಿ ಒತ್ತಿಕೊಡೋರು ಸಿಗ್ಲಿಲ್ಲ, ಅದಕ್ಕೆ ತುಂಡು ತುಂಡಾಗಿ ಬೇರೆ ಬೇರೆ ಕಡೆ ಮಾಡಿಸಿ ಬೋಲ್ಟ್ ಹಾಕಿ ಜೋಡಿಸಿದ್ರು. ಟಾಪ್ ಕೂಡ ಬೋಲ್ಟಲ್ಲೇ ನಿಂತಿರೋದು. ಅವತ್ತು ಅವರಿಗೆ ಅದು ತಾಪತ್ರಯ, ಇವತ್ತು ನಮಗೆ ಲಾಭ, ಸ್ಪ್ಯಾನರ್ ಹಿಡಿಯೋಕೆ ಬರೋ ಯಾರು ಬೇಕಾದ್ರೂ ಬಿಚ್ಚಬಹುದು. ಅದೂ ಅಲ್ದೆ ಹೆರಾಲ್ಡ್ ಚಾಸಿಗೆ ಪಕ್ಕದ ಪಟ್ಟಿ ಇದೆ, ಬಾಗ್ಲ ಕೆಳಗಿನ ತಗಡು ತುಕ್ಕು ಹಿಡಿದಿದ್ರೂ ಅದು ಬರೀ ಶೋಗೆ. ಚಿಕ್ಕಪ್ಪ ಆ ತಗಡು ಉದುರಿದ್ದು ನೋಡಿ ಕಾರು ಮುಗೀತು ಅಂತಿದಾರೆ, ಅದು ಲೆಕ್ಕಕ್ಕಿಲ್ಲ ಅಂತ ಹೇಳಿ.

ಲೆಕ್ಕಕ್ಕೆ ಬರೋದು ಚಾಸಿ. ನೀವೇ ಒಂದ್ಸಲ ಹೋಗಿ, ಬೇರೆಯವರನ್ನ ಕಳಿಸ್ಬೇಡಿ. ಸಣ್ಣ ಸುತ್ತಿಗೇಲಿ ಚಾಸಿ ಉದ್ದಕ್ಕೂ ತಟ್ಕೊಂಡು ಹೋಗಿ, ಠಣ್ ಅಂದ್ರೆ ಸರಿ, ಡಬ್ ಅಂದ್ರೆ ಅಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಮುಖ್ಯವಾಗಿ ಹಿಂದೆ ಚಕ್ರ ತಿರುಗಿಸೋ ಡಿಫ್ರೆನ್ಶಿಯಲ್ ಅಕ್ಕಪಕ್ಕ, ಮುಂದೆ ಸಸ್ಪೆನ್ಷನ್ ಕೂರೋ ಜಾಗ. ಪಕ್ಕದ ಪಟ್ಟಿ, ಚಾಸಿಯಿಂದ ಆಚೆಗೆ ಚಾಚಿರೋ ಅಡ್ಡ ಕೈಗಳು ಹೋಗಿದ್ರೆ ತಲೆ ಕೆಡಿಸ್ಕೋಬೇಡಿ, ಅದನ್ನ ನೀವೇ ಒಂದು ದಿನದಲ್ಲಿ ಕಟ್ಟಿಬಿಡ್ತೀರ. ನಮ್ಮ ಕಡೆ ಉಪ್ಪಿನ ರೋಡ್ ಇಲ್ಲ, ನಂಗೇನೋ ಇಲ್ಲಿಗಿಂತ ಚೆನ್ನಾಗೇ ಇರತ್ತೆ ಅನ್ಸತ್ತೆ, ಇಲಿ ವೈರ್ ತಿಂದಿರ್ತವೆ ಅಷ್ಟೆ. ಸ್ಪ್ಯಾನರ್ ಮಾತ್ರ ಇಂಚಿನ ಸೆಟ್ಟೇ ಬೇಕು, ಎಂಎಂದು ಹಾಕಿ ಬೋಲ್ಟ್ ತಲೆ ಸವೆಸ್ಬೇಡಿ.

ತಾತನ ಆರ್‌ಸಿ ಬುಕ್ಕು ಗಾಡ್ರೇಜ್ ಬೀರುವಲ್ಲಿರ್ಬೇಕು, ಅವ್ವ ಸ್ವಲ್ಪ ಹುಡುಕು. 2021ರಲ್ಲಿ ಸೆಂಟ್ರಲ್ ಗೌರ್ಮೆಂಟ್ ರೂಲ್ ಬಂದಿದೆ, ಮೊದಲ್ನೇ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿದ ಗಾಡಿನ ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸ್ಬಹುದು, ಹೊಸದಾಗಿ ಮಾಡ್ಸೋಕೆ 20,000 ರೂಪಾಯಿ ಫೀಸು, 10 ವರ್ಷ ನಡೆಯತ್ತೆ, ಆಮೇಲೆ ರಿನ್ಯೂವಲ್‌ಗೆ 5,000. ದಿನಾ ಓಡಿಸೋ ಹಾಗಿಲ್ಲ. ಚಾಸಿ, ಬಾಡಿ, ಇಂಜಿನ್ ಬದಲಾಯಿಸಿರ್ಬಾರ್ದು ಅಂತಾನೂ ಇದೆ, ಅದಕ್ಕೆ ಮಾರುತಿ ಇಂಜಿನ್ ಕೂರಿಸೋಣ ಅನ್ನೋ ಚಿಕ್ಕಪ್ಪನ ಐಡಿಯಾ ಬೇಡವೇ ಬೇಡ. ಶ್ರೀರಂಗಪಟ್ಟಣದ ಹತ್ರ ಹೈವೇ ಪಕ್ಕ ಪಯಣ ಅಂತ ಹಳೇ ಕಾರಿನ ಮ್ಯೂಸಿಯಂ ಆಗಿದೆಯಲ್ಲ, ಚಿಕ್ಕಪ್ಪನ್ನ ಒಂದು ಭಾನುವಾರ ಅಲ್ಲಿಗೆ ಕರ್ಕೊಂಡೋಗಿ, ಹಳೇ ಕಾರಿಗೆ ಜನ ಎಷ್ಟು ಮರ್ಯಾದೆ ಕೊಡ್ತಾರೆ ಅಂತ ಕಣ್ಣಾರೆ ನೋಡ್ಲಿ.

ಗುಜರಿಯವನ ಹತ್ರ ಅಡ್ವಾನ್ಸ್ ಇಸ್ಕೊಂಡಿದ್ರೆ ವಾಪಸ್ ಕೊಟ್ಬಿಡಿ ಅನ್ನಿ, ಆ ದುಡ್ಡು ನಾನು ಚಿಕ್ಕಪ್ಪಂಗೆ ಹಾಕ್ತೀನಿ. ಅವ್ವ, ಮಂಡಿಗೆ ಮುಲಾಮು ಹಚ್ಚೋದು ಬಿಡ್ಬೇಡ, ಊಟ ಚೆನ್ನಾಗೇ ಮಾಡ್ತಿದೀನಿ, ಇಲ್ಲಿ ರಾಗಿ ಹಿಟ್ಟು ಸಿಗತ್ತೆ.

ಇಂತಿ ನಿಮ್ಮ ಮಗ

ಪುಟ್ಟಿ, ಅಪ್ಪಾಜಿ ಜೊತೆ ನೀನೂ ಹೋಗಿ ಚಾಸಿ ಫೋಟೋ ಕೆಳಗಿಂದ ಫ್ಲ್ಯಾಶ್ ಹಾಕಿ ತೆಗಿ, ಬಾನೆಟ್ ಒಳಗೆ ಕಂಪ್ನಿಯೋರು ನಂಬರ್ ಹಾಕಿರೋ ಸಣ್ಣ ತಗಡಿದ್ದೂ ಒಂದು. ಬಗ್ಗೋಕೆ ಮುಂಚೆ ಕೋಲಲ್ಲಿ ಸರಿಯಾಗಿ ಬಡಿದು ನೋಡು, ಆ ಶೆಡ್ಡಲ್ಲಿ ಹಾವಿದೆ.